ಊರಿನವನು ಓದಿದ ‘ಊರುಕೇರಿ’

ಹೋದ ತಿಂಗಳು ಸಂತೆಬಾಚಹಳ್ಳಿಗೆ ಹೋಗುವಾಗ ಬಸ್ಸಲ್ಲಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯನ್ನ ಎರಡನೇ ಸಲ ಓದಿದೆ. ಕಾಲೇಜಲ್ಲಿ ಓದಿದಾಗ ಬಿದ್ದು ಬಿದ್ದು ನಕ್ಕಿದ್ದೆ. ಈ ಸಲ ಅಷ್ಟು ಸಲೀಸಾಗಿ ನಗು ಬರಲಿಲ್ಲ.

ಶುರುವಲ್ಲೇ ಒಂದು ಚಿತ್ರ ಇದೆ. ಎತ್ತಿನ ಬದಲು ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ. ಅವರಲ್ಲಿ ಒಬ್ಬರು ಆ ಹುಡುಗನ ಅಪ್ಪ. ಬೇರೆಯವರಾಗಿದ್ರೆ ಇಲ್ಲಿಂದಲೇ ಭಾಷಣ ಶುರು ಮಾಡ್ತಿದ್ರು. ಸಿದ್ಧಲಿಂಗಯ್ಯ ಕಂಡಿದ್ದನ್ನ ಹೇಳಿ ಮುಂದಕ್ಕೆ ನಡೀತಾರೆ. ಮಾಗಡಿ ಸೀಮೆಯ ಮಂಚನಬೆಲೆಯಿಂದ ಬೆಂಗಳೂರಿನ ಹಾಸ್ಟೆಲ್ಲಿನವರೆಗೆ ಹಸಿವನ್ನೂ ತಮಾಷೆಯಾಗೇ ಹೇಳ್ತಾರೆ. ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರು, 1988ರಲ್ಲಿ ವಿಧಾನ ಪರಿಷತ್ತಿಗೂ ಹೋದವರು. ಒಂದು ಸಮುದಾಯದ ಪರವಾಗಿ ಮಾತಾಡೋದು ಅಂದ್ರೆ ಗೋಳು ಹೇಳೋದಷ್ಟೇ ಅಲ್ಲ, ಅವರನ್ನ ಪೂರ್ತಿ ಮನುಷ್ಯರಾಗಿ ತೋರಿಸೋದು. ಪುಸ್ತಕದ ಗೆಲುವು ಇದು.

ನನ್ನ ತಕರಾರೂ ಇಲ್ಲೇ. ಈ ನಗು ಊರಿನ ಕಡೆಯ ಓದುಗನನ್ನ ಸುಲಭವಾಗಿ ಬಿಟ್ಟುಬಿಡುತ್ತೆ. ನಕ್ಕು, ಪುಸ್ತಕ ಮುಚ್ಚಿ, ಆರಾಮಾಗಿರಬಹುದು.

ನಾನು ಒಕ್ಕಲಿಗ. ನಮ್ಮ ಕಡೆ ತಲೆ ಎಣಿಸಿದ್ರೆ ನಾವೇ ಜಾಸ್ತಿ. ಆದ್ರೆ ನೂರು ವರ್ಷದ ಹಿಂದೆ ಮೈಸೂರು ಸರ್ಕಾರದ ಕಚೇರಿಗಳಲ್ಲಿ ಎಣಿಸಿದ್ರೆ ಕಮ್ಮಿ. 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸಿದ್ರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಅಂತು ಸಮಿತಿ. ನಮ್ಮ ಮನೆಗಳ ಗೋಡೆ ಮೇಲೆ ಫೋಟೋ ಇರೋ ವಿಶ್ವೇಶ್ವರಯ್ಯನವರೇ ಇಂಥ ಮೀಸಲಿಗೆ ಒಪ್ಪಿರಲಿಲ್ಲ. ಅರ್ಹತೆ ಮುಖ್ಯ ಅನ್ನೋದು ಅವರ ನಿಲುವು.

ನನಗೆ ಬಿಇ ಸೀಟು ಸಿಕ್ಕಿದ್ದು 3ಎ ಪ್ರವರ್ಗದ ಗ್ರಾಮೀಣ ಕೋಟಾದಲ್ಲಿ. ಆಫೀಸಲ್ಲಿ ಊಟಕ್ಕೆ ಕೂತಾಗ ‘ಮೀಸಲಾತಿಯಿಂದ ಮೆರಿಟ್ ಹಾಳಾಯ್ತು’ ಅನ್ನೋ ಮಾತು ಬಂದ್ರೆ ನಾನೂ ತಲೆಯಾಡಿಸಿದೀನಿ. ಅವರ ಲೆಕ್ಕದಲ್ಲಿ ಮೀಸಲಾತಿ ಅಂದ್ರೆ ಕೇರಿಯವರದು, ನಂದಲ್ಲ. ಆ ತಪ್ಪು ಲೆಕ್ಕದಿಂದ ನನಗೆ ಅನುಕೂಲ ಇತ್ತು. ತಿದ್ದಲಿಲ್ಲ.

ಊರಿನ ಶಾಲೇಲಿ ಏಳು ವರ್ಷ ನನ್ನ ಪಕ್ಕ ಕೂತ ಗೆಳೆಯ ಕೇರಿಯವನು. ಅವನು ನಮ್ಮನೆ ಜಗಲಿ ದಾಟಿ ಒಳಗೆ ಬಂದಿಲ್ಲ, ನಾನು ಅವನ ಮನೆಗೇ ಹೋಗಿಲ್ಲ. ಇದನ್ನ ಪುಸ್ತಕ ಕೇಳಲ್ಲ, ನಾವೇ ಕೇಳ್ಕೋಬೇಕು.

ಬಸ್ ಇಳಿದವನೇ ಅವನಿಗೆ ಫೋನ್ ಮಾಡಿ, ಇವತ್ತು ನಿಮ್ಮನೆಗೆ ಬತ್ತೀನಿ ಅಂದೆ. ಒಂದು ಗಳಿಗೆ ಸುಮ್ಮನಿದ್ದು ಕೇಳಿದ:

‘ಯಾಕ್ಲಾ, ಎಲೆಕ್ಷನ್‌ಗೆ ನಿಲ್ತಿದ್ದೀಯಾ?’