ಕಲ್ಲಚ್ಚಿನಲ್ಲಿ ಇರುಳ ನದಿ

ಚಿತ್ರವೆಂದರೆ ವರ್ಣವೈಭವವೆಂದೇ ಭಾವಿಸಿದವರಿಗೆ ಜೇಮ್ಸ್ ಮೆಕ್‌ನೀಲ್ ವಿಸ್ಲರನ (1834–1903) ‘ನಾಕ್ಟರ್ನ್’ ಎಂಬ ಕಲ್ಲಚ್ಚು ಮೊದಲ ನೋಟಕ್ಕೆ ನಿರಾಶೆಯನ್ನೇ ತಂದೀತು. ‘ನಾಕ್ಟರ್ನ್’ ಎಂಬುದು ಪಾಶ್ಚಾತ್ಯ ಸಂಗೀತದ ಮಾತು. ಇರುಳಿನ ಭಾವವನ್ನು ನುಡಿಸುವ ಕೃತಿಗೆ ಆ ಹೆಸರು. 1878ರಲ್ಲಿ ರಚಿತವಾದ ಈ ಪುಟ್ಟ ಚಿತ್ರದಲ್ಲಿ ಲಂಡನ್ನಿನ ಥೇಮ್ಸ್ ನದಿ ಕತ್ತಲಲ್ಲಿ ನಿಶ್ಚಲವಾಗಿ ಹರಡಿದೆ. ಆಚೆಯ ಬ್ಯಾಟರ್‌ಸೀ ದಂಡೆಯ ಕಟ್ಟಡಗಳೂ ಹೊಗೆಗೊಳವೆಗಳೂ ಮಬ್ಬಿನಲ್ಲಿ ಕರಗಿವೆ. ಅಲ್ಲಲ್ಲಿ ಬೆಳಕಿನ ನೆರಳು ನೀರಿನಲ್ಲಿ ಇಳಿದಿದೆ. ಉಳಿದುದೆಲ್ಲ ಬಯಲು.

ಆ ಬಯಲು ಸಾಧಿತವಾದ ಬಗೆಯನ್ನು ತಿಳಿದರೆ ಗೌರವ ಹುಟ್ಟುತ್ತದೆ. ಕಲ್ಲಚ್ಚಿನ ತತ್ತ್ವ ಸರಳವಾದುದು: ಜಿಡ್ಡಿಗೂ ನೀರಿಗೂ ಹೊಂದಿಕೆಯಿಲ್ಲ. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದ ಭಾಗವು ಶಾಯಿಯನ್ನು ಹಿಡಿಯುತ್ತದೆ. ನೀರುಂಡ ಭಾಗವು ಅದನ್ನು ದೂರವಿಡುತ್ತದೆ. ವಿಸ್ಲರನು ಬರಿಯ ಗೆರೆಗಳಿಗೆ ತೃಪ್ತನಾಗದೆ, ತೆಳುಗೊಳಿಸಿದ ಮಸಿಯನ್ನು ಕುಂಚದಿಂದ ಕಲ್ಲಿನ ಮೇಲೆ ಹಾಯಿಸಿ, ಬೇಕಾದೆಡೆಯಲ್ಲಿ ಕೆರೆದು ಬೆಳಕನ್ನು ತೆಗೆದನು. ಅವನಿಗೆ ಈ ವಿದ್ಯೆಯನ್ನು ಕಲಿಸಿದವನು ಥಾಮಸ್ ವೇ ಎಂಬ ಮುದ್ರಕ.

ಇಂತಹುದೇ ಒಂದು ಇರುಳಿನ ವರ್ಣಚಿತ್ರವನ್ನು ವಿಮರ್ಶಕ ಜಾನ್ ರಸ್ಕಿನ್ ಹಳಿದುದಕ್ಕಾಗಿ ವಿಸ್ಲರನು ಹೂಡಿದ ಮಾನನಷ್ಟದ ಮೊಕದ್ದಮೆಯು ಅದೇ ವರ್ಷದ ನವೆಂಬರಿನಲ್ಲಿ ವಿಚಾರಣೆಗೆ ಬಂದಿತು. ಎರಡು ದಿನಗಳ ದುಡಿಮೆಗೆ 200 ಗಿನಿಗಳೇ ಎಂದು ವಕೀಲರು ಕೇಳಿದಾಗ, ತಾನು ಕೇಳುವುದು ಜೀವಮಾನದ ಅರಿವಿಗೆ ಸಲ್ಲುವ ಬೆಲೆಯೆಂದು ಅವನು ಉತ್ತರಿಸಿದನು. ಗೆದ್ದರೂ ದೊರೆತ ಪರಿಹಾರ ಒಂದು ಫಾರ್ದಿಂಗ್ ಮಾತ್ರ. 1879ರಲ್ಲಿ ಅವನು ದಿವಾಳಿಯಾದನು. ಕಾಯಕವನ್ನು ಗಳಿಗೆಗಳ ಲೆಕ್ಕದಿಂದ ಅಳೆಯಲಾಗದೆಂದು ನಂಬಿದ ನಾವು ಇಲ್ಲಿ ವಿಸ್ಲರನ ಪಕ್ಷವನ್ನೇ ವಹಿಸುತ್ತೇವೆ.

ಆದರೆ ಅವನ ಇನ್ನೊಂದು ಮಾತನ್ನು ಒಪ್ಪಲಾರೆವು. 1885ರ ಉಪನ್ಯಾಸವೊಂದರಲ್ಲಿ ಅವನು ನದಿಯ ಸಂಜೆಯನ್ನು ಬಣ್ಣಿಸುತ್ತಾನೆ. ಮಂಜು ಕವಿದಾಗ ಹೊಗೆಗೊಳವೆಗಳು ಗಂಟೆಗೋಪುರಗಳಾಗುತ್ತವೆ, ಉಗ್ರಾಣಗಳು ಅರಮನೆಗಳಾಗುತ್ತವೆ. ದುಡಿಯುವವನೂ ಪಂಡಿತನೂ ಮನೆಗೆ ತೆರಳಿದ ಮೇಲೆ ಪ್ರಕೃತಿಯು ಕಲಾವಿದನೊಬ್ಬನಿಗಾಗಿಯೇ ಹಾಡುತ್ತದೆ ಎಂಬುದು ಅವನ ಅಭಿಪ್ರಾಯ. ಹಾಗಾದರೆ ಸುಗ್ಗಿಯಲ್ಲಿ ಕಣ ಕಾಯುತ್ತ ನಕ್ಷತ್ರಗಳ ಕೆಳಗೆ ಮಲಗುವ ನಮ್ಮ ಉಪ್ಪಿನಬೆಟಗೇರಿಯ ರೈತನಿಗೆ ಇರುಳಿನ ಸೊಬಗು ಕಾಣುವುದಿಲ್ಲವೆ? ಕಂಡುದನ್ನು ಅವನು ಕಲ್ಲಿನ ಮೇಲೆ ಬರೆದಿಲ್ಲ, ಅಷ್ಟೆ. ಹೊಗೆಗೊಳವೆಯನ್ನು ಗೋಪುರವಾಗಿ ಕಾಣುವ ಕಣ್ಣು ಅದರ ಬುಡದಲ್ಲಿ ದುಡಿದವನ ಬೆವರನ್ನೂ ನೆನೆಯಬೇಕು. ಈ ಚಿತ್ರದ ಕತ್ತಲೆಯು ನಮ್ಮನ್ನು ಆ ನೆನಪಿನಿಂದ ಸುಲಭವಾಗಿ ಬಿಡುಗಡೆಗೊಳಿಸುತ್ತದೆ. ಇದು ಇದರ ಒಂದು ಕೊರತೆ.

ಉಪನ್ಯಾಸಕ್ಕೆ ಉತ್ತರವು ಚಿತ್ರದಲ್ಲಿಯೇ ಇರುವುದು ವಿಶೇಷ. ಕಲ್ಲಚ್ಚೆಂಬುದು ಒಬ್ಬನ ಕಾಣ್ಕೆಯನ್ನು ಹಲವರಿಗೆ ಹಂಚುವ ವಿದ್ಯೆ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಜನರ ಕೈ ಸೇರಿದುದು ಇದೇ ಕಲ್ಲಚ್ಚಿನಿಂದ. ‘ನಾಕ್ಟರ್ನ್’ ಸಹ 1887ರಲ್ಲಿ ಒಂದು ಚಿತ್ರಸಂಪುಟದಲ್ಲಿ ಪ್ರಕಟವಾಯಿತು. ತನ್ನೊಬ್ಬನಿಗಾಗಿಯೇ ಹಾಡಿತೆಂದು ವಿಸ್ಲರನು ತಿಳಿದ ಇರುಳನ್ನು ಮುದ್ರಕನ ಶ್ರಮವು ಎಲ್ಲರ ಮುಂದಿರಿಸಿತು. ಆ ಇಬ್ಬರನ್ನೂ ನೆನೆದು ನೋಡಿದಾಗ ಈ ಚಿತ್ರ ಪೂರ್ಣವಾಗುತ್ತದೆ.