ಗಣಕದೊಳಗೆ ಒಣಗಿದ ಕಾಡು: ಸಸ್ಯನಾಶದ ನಿರೂಪಣೆಗೆ ಒಂದು ಪಾಠವಿಮರ್ಶೆ

ಜನಪದ ಕಥೆಯೊಂದು ಅನಿರೀಕ್ಷಿತವಾಗಿ ಸಾವಿನಲ್ಲಿ ಮುಗಿದಾಗ ಸಂಪಾದಕನ ಮುಂದೆ ಮೂರು ಸಾಧ್ಯತೆಗಳಿರುತ್ತವೆ. ಆ ಮುಕ್ತಾಯ ಪರಂಪರೆಯದಾಗಿರಬಹುದು, ಕಥೆಗಾರನ ಸೇರ್ಪಡೆಯಾಗಿರಬಹುದು, ಇಲ್ಲವೆ ಬರಹಕ್ಕಿಳಿಸುವಾಗ ನುಸುಳಿದ ದೋಷವಾಗಿರಬಹುದು. ಭೂಮೇಲ್ಮೈಯ ಗಣಕ ಮಾದರಿಗಳಲ್ಲಿ ಸಸ್ಯಗಳು ಹಠಾತ್ತನೆ ನಾಶವಾಗುವ ಪ್ರಸಂಗವನ್ನೂ ಈ ಕ್ರಮದಲ್ಲಿ ಪರಿಶೀಲಿಸಬಹುದಾಗಿದೆ. ಮಳೆ, ಬಿಸಿಲು, ಮಣ್ಣು, ಬೇರುಗಳನ್ನು ಕುರಿತು ಸಮೀಕರಣಗಳಲ್ಲಿ ಹೇಳಿದ ನಿರೂಪಣೆಯೇ ಮಾದರಿ.

ಇಂತಹ ನಿರೂಪಣೆಗಳಲ್ಲಿ ಪ್ರಸಿದ್ಧವಾದುದು ಪೀಟರ್ ಕಾಕ್ಸ್ ಮತ್ತು ಸಂಗಡಿಗರು ಬ್ರಿಟನ್ನಿನ ಹ್ಯಾಡ್ಲಿ ಕೇಂದ್ರದ ಮಾದರಿಯಿಂದ ಪಡೆದು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ. ಅದರಂತೆ 2050ರ ಸುಮಾರಿಗೆ ನೆಲವು ಇಂಗಾಲವನ್ನು ಹೀರುವ ಬದಲು ಹೊರಬಿಡತೊಡಗುತ್ತದೆ. ಅಮೆಜಾನಿನ ಕಾಡು ಕ್ಷೀಣಿಸುತ್ತದೆ. ಈ ಮಾದರಿಯ ‘ಟ್ರಿಫಿಡ್’ ಎಂಬ ಸಸ್ಯಘಟಕವು ಜಗತ್ತಿನ ಸಸ್ಯಸಂಪತ್ತನ್ನು ಅಗಲ ಎಲೆಯ ಮರ, ಸೂಜಿ ಎಲೆಯ ಮರ, ಎರಡು ಬಗೆಯ ಹುಲ್ಲು ಹಾಗೂ ಪೊದೆ ಎಂಬ ಐದು ವರ್ಗಗಳಿಗೆ ಇಳಿಸುತ್ತದೆ. ಆರ್ನೆ ಮತ್ತು ಥಾಂಪ್ಸನ್ ಅವರ ಕಥಾವರ್ಗಸೂಚಿಯನ್ನು ಬಲ್ಲವರಿಗೆ ಇದರ ಅನುಕೂಲವೂ ಅಪಾಯವೂ ಪರಿಚಿತ. ವರ್ಗೀಕರಣವಿಲ್ಲದೆ ಹೋಲಿಕೆ ಸಾಧ್ಯವಿಲ್ಲ. ಆದರೆ ಒಂದು ವರ್ಗ ಸತ್ತರೆ ಅದರೊಳಗಿನ ಎಲ್ಲ ಪ್ರಭೇದಗಳೂ ಒಟ್ಟಿಗೆ ಸತ್ತಂತಾಗುತ್ತದೆ.

ಈ ಪಾಠದ ಪರಿಶೀಲನೆಯಲ್ಲಿ ಎರಡು ಅಂಶಗಳು ಮುಖ್ಯ. ಮೊದಲನೆಯದು ಮಳೆ: ಅಮೆಜಾನಿಗೆ ಮಾದರಿ ಕೊಟ್ಟಿದ್ದ ವರ್ತಮಾನದ ಮಳೆಯೇ ವಾಸ್ತವಕ್ಕಿಂತ ಕಡಿಮೆಯಾಗಿತ್ತು. ಎರಡನೆಯದು ಬೇರು: ಟ್ರಿಫಿಡ್ ಪರಂಪರೆಯಲ್ಲಿ ಬಂದ ‘ಜೂಲ್ಸ್’ ಮಾದರಿಯ ರೂಢಿಯ ವಿನ್ಯಾಸದಲ್ಲಿ ಮಣ್ಣಿನ ಆಳ 3 ಮೀಟರ್. ಬ್ರೆಜಿಲಿನ ಪಾರಾ ರಾಜ್ಯದ ಕಾಡಿನ ಮರಗಳು 8 ಮೀಟರಿಗೂ ಕೆಳಗಿನಿಂದ ನೀರೆತ್ತುತ್ತವೆ ಎಂಬುದನ್ನು ಡೇನಿಯಲ್ ನೆಪ್‌ಸ್ಟಡ್ ಮತ್ತು ಸಂಗಡಿಗರು 1994ರಲ್ಲಿಯೇ ತೋರಿಸಿದ್ದರು. ಪಾಠಾಂತರಗಳನ್ನು ಹೋಲಿಸುವ ಕೆಲಸ 2013ರಲ್ಲಿ ನಡೆಯಿತು. ಕ್ರಿಸ್ ಹಂಟಿಂಗ್‌ಫರ್ಡ್ ಮತ್ತು ಸಂಗಡಿಗರು 22 ಹವಾಮಾನ ಮಾದರಿಗಳನ್ನು ಬಳಸಿ ನೋಡಿದಾಗ, ಶತಮಾನದ ಕೊನೆಗೆ ಉಷ್ಣವಲಯದ ಕಾಡು ಜೀವರಾಶಿಯನ್ನು ಕಳೆದುಕೊಂಡದ್ದು ಒಂದೇ ಒಂದರಲ್ಲಿ, ಅದೂ ಅಮೆರಿಕ ಖಂಡಗಳಲ್ಲಿ ಮಾತ್ರ.

ಇಷ್ಟರಿಂದ ಕಾಡಿನ ಸಾವು ಕೇವಲ ಲೇಖನದೋಷವೆಂದು ತೀರ್ಮಾನಿಸುವುದು ಅವಸರವಾದೀತು. ಪಾರಾ ರಾಜ್ಯದ ಕಾಶಿವಾನಾ ಮತ್ತು ತಪಜೋಸ್‌ಗಳಲ್ಲಿ ಮಳೆನೀರು ನೆಲಕ್ಕಿಳಿಯದಂತೆ ವರ್ಷಗಟ್ಟಲೆ ತಡೆದ ಪ್ರಯೋಗಗಳಲ್ಲಿ ನೆಲದ ಮೇಲಿನ ಜೀವರಾಶಿ ಸುಮಾರು ಶೇ. 20ರಷ್ಟು ಕುಗ್ಗಿತು. ಅದೇ ಬರವನ್ನು ಐದು ಮಾದರಿಗಳಿಗೆ ಒಡ್ಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಜೂಲ್ಸ್ ಸೇರಿದಂತೆ ಹೆಚ್ಚಿನ ಮಾದರಿಗಳಲ್ಲಿ ನಷ್ಟ ನಗಣ್ಯವಾಗಿತ್ತು. ಬದುಕಬಹುದಾದ ಕಾಡನ್ನು ಕೊಂದ ಪರಂಪರೆಯೇ ಸಾಯುವ ಮರಗಳನ್ನು ಉಳಿಸಿತು.

ಆದ್ದರಿಂದ ದೋಷಶೋಧನೆಗೆ ಕ್ರಮ ಬೇಕು. ಸತ್ತದ್ದು ಒಂದು ವರ್ಗವೋ ಎಲ್ಲವೋ, ಒಂದು ಚೌಕವೋ ಇಡೀ ಪ್ರದೇಶವೋ ಎಂಬುದನ್ನು ಮೊದಲು ಗುರುತಿಸಬೇಕು. ಬಳಿಕ ಒಳಹಾಕಿದ ಮಳೆ, ಬಿಸಿಲುಗಳ ಅಳತೆಮಾನ, ಆರಂಭಸ್ಥಿತಿ, ಮಣ್ಣಿನ ತೇವದ ಮಿತಿ, ಇಂಗಾಲದ ಆಯವ್ಯಯಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಎಲೆಯ ಇಂಗಾಲ ಸೊನ್ನೆಗಿಳಿದರೆ ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ. ಸಸ್ಯ ತಾನಾಗಿ ಮರಳಿ ಚಿಗುರಲಾರದು. ಇದಕ್ಕಾಗಿಯೇ ಅಮೆರಿಕದ ‘ಸಿಎಲ್‌ಎಂ5’ ಮಾದರಿಯಲ್ಲಿ ಸತ್ತ ಸಸ್ಯಗಳಿಗೆ ಮತ್ತೆ ಬೀಜ ಬಿತ್ತುವ ಸೌಲಭ್ಯವಿದೆ. ಇದು ಉಪಯುಕ್ತವೇ. ಆದರೆ ಕಾರಣವನ್ನು ದಾಖಲಿಸದೆ ಬಿತ್ತುವುದೆಂದರೆ, ಅರ್ಥವಾಗದ ಸಾಲನ್ನು ಅಳಿಸಿ ತನ್ನ ಸಾಲನ್ನು ಬರೆದಿಡುವ ಸಂಪಾದಕನ ಕೆಲಸವೇ ಸರಿ. 2023–24ರ ತೀವ್ರ ಬರವನ್ನು ಕಂಡ ಅಮೆಜಾನಿನ ವಿಷಯದಲ್ಲಿ ಇಂತಹ ತಿದ್ದುವಿಕೆ ಒಂದು ನಿಜವಾದ ಎಚ್ಚರಿಕೆಯನ್ನೇ ಅಳಿಸಿಬಿಡಬಹುದು.