ಹಾಡಿಗೆ ಒಡತಿ ಇಲ್ಲವೆ?

'ಜನಪದ ಹಾಡಿಗೆ ಕರ್ತೃವಿಲ್ಲ.' ಎಂ.ಎ. ಪರೀಕ್ಷೆಯಲ್ಲಿ ಹೀಗೆ ಬರೆದು ಅಂಕ ಗಿಟ್ಟಿಸಿದವನು ನಾನು. ಈಗ ಮೇಷ್ಟ್ರಾಗಿ ಅದನ್ನೇ ಹೇಳೋಕೆ ನಾಲಿಗೆ ಏಳೋದಿಲ್ಲ. ಕಾರಣ, ಎಲಿಜಬೆತ್ ಕಾಟನ್ ಎಂಬ ಕಪ್ಪು ಅಜ್ಜಿಯ ಒಂದು ಎಲ್‌ಪಿ ರೆಕಾರ್ಡು.

ಅಮೆರಿಕದ ಉತ್ತರ ಕೆರೊಲಿನಾದ ಈಕೆ ಎಳವೆಯಲ್ಲೇ ಮನೆಗೆಲಸಕ್ಕೆ ನಿಂತು, ಆ ದುಡ್ಡಲ್ಲಿ ಗಿಟಾರ್ ಕೊಂಡಳು. ಎಡಚಿ; ಬಲಗೈಯವರ ಗಿಟಾರನ್ನೇ ತಿರುವಿ ಹಿಡಿದು ಹೆಬ್ಬೆರಳಲ್ಲಿ ರಾಗ ನುಡಿಸಿದಳು. 'ಫ್ರೈಟ್ ಟ್ರೈನ್' ಕಟ್ಟಿದ್ದು ಹುಡುಗಿಯಾಗಿದ್ದಾಗಲೇ. ಮುಂದೆ ವಾಷಿಂಗ್ಟನ್ನಿನಲ್ಲಿ ಸೀಗರ್ ಎಂಬ ಸಂಗೀತಗಾರರ ಮನೆಯಲ್ಲಿ ಕೆಲಸಕ್ಕಿದ್ದಳು. ಆ ಮನೆಯ ಮಗಳು ಪೆಗಿ ಹಾಡನ್ನು ಇಂಗ್ಲೆಂಡಿನಲ್ಲಿ ಹಾಡಿದಳು. 1957ರಲ್ಲಿ ಅದು ಅಲ್ಲಿ ಬೇರೆಯವರ ದನಿಯಲ್ಲಿ ಮನೆಮಾತಾಯಿತು. ಬರೆದವರೆಂದು ಇಬ್ಬರು ಗಂಡಸರ ಹೆಸರೂ ದಾಖಲಾಯಿತು! 'ಜನಪದ' ಅಂದರೆ ಯಾರದೂ ಅಲ್ಲ. ಯಾರದೂ ಅಲ್ಲದ್ದು ಕೈಬಲ ಇದ್ದವರದು. ಜಗಳವಾದ ಮೇಲಷ್ಟೇ ಆಕೆಯ ಹೆಸರು ಸೇರಿತು.

ಪೆಗಿಯ ಅಣ್ಣ ಮೈಕ್ ಅಜ್ಜಿಯ ಮನೆಯಲ್ಲೇ ದನಿ ಮುದ್ರಿಸಿಕೊಂಡ. 1958ರಲ್ಲಿ ಫೋಕ್‌ವೇಸ್ ರೆಕಾರ್ಡು ತಂದಿತು. ಆ ಕಂಪನಿಯ ಭಂಡಾರ 1987ರಲ್ಲಿ, ಅಜ್ಜಿ ತೀರಿಕೊಂಡ ವರ್ಷವೇ, ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಗಳ ಸಂಸ್ಥೆಗೆ ಸೇರಿತು. ಅಲ್ಲಿರೋದು ಬರೀ ಹಳೇ ತಟ್ಟೆಯಲ್ಲ, ಒಡೆತನದ ಸಾಕ್ಷಿ. ಆದರೆ ಧಣಿಯ ಮನೆಗೆ ಕಿವಿಯಿಲ್ಲದಿದ್ದರೆ? ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ನಮ್ಮಜ್ಜಿ ನಾಟಿ ಗದ್ದೆಯಲ್ಲಿ ಕಟ್ಟಿ ಹಾಡಿದ ಪದಗಳು ಒಂದು ಸಂಕಲನದಲ್ಲಿವೆ. ಸಂಗ್ರಾಹಕರ ಹೆಸರು ಮುಖಪುಟದಲ್ಲಿ. ಅಜ್ಜಿಯದು ಕೊನೆಯ ಪಟ್ಟಿಯಲ್ಲಿ, ಜಾತಿ, ವಯಸ್ಸಿನ ಜೊತೆ, 'ವಕ್ತೃ' ಅಂತ. ದಲಿತ ವಿಮರ್ಶೆ ಆ ಪಟ್ಟಿಯಿಂದಲೇ ಓದಲು ಶುರುಮಾಡಬೇಕು. ವಕ್ತೃ ಅಲ್ಲ ಸ್ವಾಮಿ, ಕವಿ.